ನಿಮಗಿದು ಗೊತ್ತೇ? ಬಣ್ಣ ತೋರುವ ಅನಿಲ, ಬಣ್ಣ ಬಿಡದ ಅನಿಲ

ಆಂಧ್ರದ ಅನಂತಪುರ ಸೀಮೆಯ ಕಲ್ಯಾಣದುರ್ಗದ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳ ರೆಕ್ಕೆ ತಿರುಗಿಸುವ ಗಾಳಿ ಕಣ್ಣಿಗೆ ಕಾಣದು, ಆದರೆ ಅದಕ್ಕೆ ತೂಕವಿದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿರುವ ಗಾಳಿಯನ್ನೆಲ್ಲ ತಕ್ಕಡಿಗೆ ಹಾಕಲು ಬರುವಂತಿದ್ದರೆ ಮುಳ್ಳು 30 ಕಿಲೋ ದಾಟುತ್ತದೆ.

ಒಣಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಮೂರನೆಯದು ಯಾವುದು? ಇಂಗಾಲದ ಡೈಆಕ್ಸೈಡ್ ಅಲ್ಲ, ಆರ್ಗಾನ್. ಅದರ ಪಾಲು 0.93. ಜಗತ್ತೆಲ್ಲ ಮಾತಾಡುವ ಇಂಗಾಲದ ಡೈಆಕ್ಸೈಡ್ 0.04ರ ಆಸುಪಾಸಿನಲ್ಲಿದೆ.

ಸಾಮಾನ್ಯ ಉಷ್ಣತೆಯಲ್ಲಿ ಅನಿಲವಾಗಿರುವ ಮೂಲಧಾತುಗಳು ಹನ್ನೊಂದು. ಜಲಜನಕ, ಸಾರಜನಕ, ಆಮ್ಲಜನಕ, ಫ್ಲೋರಿನ್, ಕ್ಲೋರಿನ್, ಹೀಲಿಯಂ, ನಿಯಾನ್, ಆರ್ಗಾನ್, ಕ್ರಿಪ್ಟಾನ್, ಕ್ಸೆನಾನ್, ರೇಡಾನ್. ಇವುಗಳಲ್ಲಿ ಬಣ್ಣ ಇರುವುದು ಎರಡಕ್ಕೆ ಮಾತ್ರ: ಫ್ಲೋರಿನ್ ತಿಳಿಹಳದಿ, ಕ್ಲೋರಿನ್ ಹಸಿರು ಬೆರೆತ ಹಳದಿ. ಮಿಕ್ಕ ಒಂಬತ್ತೂ ಬರಿಗಣ್ಣಿಗೆ ಸಿಗುವುದಿಲ್ಲ.

ಹಾಗಿದ್ದರೆ ಆಕಾಶದ ನೀಲಿ ಎಲ್ಲಿಂದ ಬಂತು? ಸಾರಜನಕ, ಆಮ್ಲಜನಕಗಳ ಅಣುಗಳು ಬಿಸಿಲಿನಲ್ಲಿರುವ ನೀಲಿ ಬೆಳಕನ್ನು ಕೆಂಪಿಗಿಂತ ಹಲವು ಪಟ್ಟು ಹೆಚ್ಚಾಗಿ ಸುತ್ತಲೂ ಚದುರಿಸುತ್ತವೆ. ಅನಿಲಕ್ಕೆ ಸ್ವಂತ ಬಣ್ಣವಿಲ್ಲ, ಬೆಳಕನ್ನು ಚೆಲ್ಲುವ ಗುಣವಿದೆ. 1921ರಲ್ಲಿ ಹಡಗಿನ ಮೇಲಿಂದ ಸಮುದ್ರದ ನೀಲಿ ನೋಡಿ ಸಿ.ವಿ. ರಾಮನ್ ಹಿಡಿದ ಪ್ರಶ್ನೆಯೂ ಈ ಚದುರುವಿಕೆಯದೇ. ಆ ದಾರಿಯಲ್ಲೇ ಅವರಿಗೆ ರಾಮನ್ ಪರಿಣಾಮ ಸಿಕ್ಕಿತು. 1933ರಿಂದ ಕೊನೆಯವರೆಗೂ ಅವರು ಬೆಂಗಳೂರಿನಲ್ಲೇ ಇದ್ದರು.

ಉಸಿರಾಡುವ ಆಮ್ಲಜನಕಕ್ಕೆ ಬಣ್ಣವಿಲ್ಲ. ಅದನ್ನೇ ಸೊನ್ನೆಗಿಂತ 183 ಡಿಗ್ರಿ ಕೆಳಕ್ಕೆ ತಣಿಸಿ ದ್ರವ ಮಾಡಿದರೆ ತಿಳಿನೀಲಿ. ಬಲವಾದ ಅಯಸ್ಕಾಂತದ ಎರಡು ತುದಿಗಳ ನಡುವೆ ಸುರಿದರೆ ಆ ನೀಲಿ ದ್ರವ ಕೆಳಗೆ ಬೀಳದೆ ಅಲ್ಲೇ ಅಂಟಿ ನಿಲ್ಲುತ್ತದೆ. 2021ರ ಕೋವಿಡ್ ಅಲೆಯಲ್ಲಿ ದೇಶವೆಲ್ಲ ಕಾದು ಕೂತಿದ್ದ ಟ್ಯಾಂಕರುಗಳಲ್ಲಿ ಇದ್ದದ್ದು ಈ ನೀಲಿ ದ್ರವ.

ಮೂರು ಆಮ್ಲಜನಕ ಪರಮಾಣುಗಳು ಕೂಡಿದ ಓಝೋನ್ ಅನಿಲವೇ ತಿಳಿನೀಲಿ. ಸಿಡಿಲು ಮಿಂಚಿನ ಹೊತ್ತಿನಲ್ಲಿ, ವೆಲ್ಡಿಂಗ್ ಕಿಡಿ ಹಾರುವಲ್ಲಿ ಮೂಗಿಗೆ ಅಡರುವ ಚುರುಕು ವಾಸನೆ ಅದರದೇ. ಮೇಲಿನ ವಾಯುಮಂಡಲದಲ್ಲಿದ್ದರೆ ನಮ್ಮನ್ನು ಕಾಯುತ್ತದೆ, ನೆಲಮಟ್ಟದಲ್ಲಿ ಶ್ವಾಸಕೋಶವನ್ನು ಸುಡುತ್ತದೆ.

ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್ ಒಂದೇ ಕುಟುಂಬದವು. ಅಣು ಭಾರವಾದಂತೆ ಬಣ್ಣ ಗಾಢವಾಗುತ್ತ ಹೋಗುತ್ತದೆ: ತಿಳಿಹಳದಿ, ಹಸಿರುಹಳದಿ, ಕಂದುಗೆಂಪು, ನೇರಳೆ. ಬ್ರೋಮಿನ್ ದ್ರವ, ಅಯೋಡಿನ್ ಘನ. ಅವುಗಳ ಆವಿಗೆ ಈ ಬಣ್ಣ. ಪ್ರನಾಳದಲ್ಲಿ ಚಿಟಿಕೆ ಅಯೋಡಿನ್ ಹಾಕಿ ಕಾಯಿಸಿದಾಗ ಮೇಲೇಳುವ ನೇರಳೆ ಹೊಗೆಯನ್ನು ಒಮ್ಮೆ ನೋಡಿದ ಮಗು ರಸಾಯನಶಾಸ್ತ್ರವನ್ನು ಮರೆಯುವುದಿಲ್ಲ. ಆಂಧ್ರ ಗಡಿಯ ಕನ್ನಡ ಶಾಲೆಗಳಿಗೆ ಈ ಒಂದು ಪ್ರಯೋಗ ಮಾಡುವಷ್ಟು ಸಾಮಾನಾದರೂ ಸಿಗಬೇಕು.

ಫ್ಲೋರಿನ್ ಎಷ್ಟು ಉಗ್ರವೆಂದರೆ ಅದನ್ನು ಬೇರ್ಪಡಿಸಲು 1886ರವರೆಗೆ ಕಾಯಬೇಕಾಯಿತು. ಬೇರ್ಪಡಿಸಿದ ಫ್ರಾನ್ಸಿನ ಆನ್ರಿ ಮುವಾಸಾನ್‌ಗೆ 1906ರ ನೊಬೆಲ್ ಬಂತು. ಅನಂತಪುರ ಸೀಮೆಯವರಿಗೆ ಅದು ಗೊತ್ತಿರುವುದು ಫ್ಲೋರೈಡ್ ರೂಪದಲ್ಲಿ. ಕಲ್ಲುಬಂಡೆಯ ಖನಿಜಗಳಿಂದ ಆಳದ ಕೊಳವೆಬಾವಿ ನೀರಿಗೆ ಇಳಿದು, ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ಇನ್ನೂ ಹೆಚ್ಚಾಗಿ ವರ್ಷಗಟ್ಟಲೆ ಕುಡಿದರೆ ಮೂಳೆ ಬಿಗಿಯುವ ಕಾಯಿಲೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದರ ಸಾಂದ್ರತೆ ಇನ್ನಷ್ಟು ಏರುತ್ತದೆ. 1990ರ ದಶಕದಲ್ಲಿ ಜಿಲ್ಲೆಗೆ ಸತ್ಯಸಾಯಿ ಕುಡಿಯುವ ನೀರಿನ ಯೋಜನೆ ಬಂದಾಗ ಜನ ಅದನ್ನು ಅಷ್ಟು ಪ್ರೀತಿಯಿಂದ ಬರಮಾಡಿಕೊಂಡದ್ದಕ್ಕೆ ಬರ ಒಂದೇ ಕಾರಣವಲ್ಲ.

ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ. ಹಾಗಾಗಿ ನೆಲ ಹಿಡಿದು ತಗ್ಗಿನ ಕಡೆಗೆ ಹರಿಯುತ್ತದೆ. ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 22ರಂದು, ಬೆಲ್ಜಿಯಂನ ಈಪ್ರ್ ಬಳಿ ಕಂದಕಗಳಲ್ಲಿ ಕೂತಿದ್ದ ಸೈನಿಕರ ಮೇಲೆ ಅದನ್ನು ಬಿಟ್ಟದ್ದು ಈ ಗುಣ ತಿಳಿದೇ. ಅದೇ ಕ್ಲೋರಿನ್ ನಲ್ಲಿ ನೀರಿನಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಉಳಿದಿದ್ದರೆ ಸಾಕು, ದಾರಿಯಲ್ಲಿ ಸೇರಿಕೊಳ್ಳುವ ರೋಗಾಣುಗಳನ್ನು ಕೊಲ್ಲುತ್ತದೆ.

ಬಚ್ಚಲು ತೊಳೆಯುವಾಗ ಬ್ಲೀಚಿಂಗ್ ಪೌಡರ್ ಉದುರಿಸಿ, ಅದರ ಮೇಲೆ ಆಸಿಡ್ ಸುರಿಯುವವರಿದ್ದಾರೆ. ಎರಡೂ ಸೇರಿದ ಕೂಡಲೇ ಏಳುವುದು ಕ್ಲೋರಿನ್. ಬಾಗಿಲು ಹಾಕಿದ ಚಿಕ್ಕ ಬಚ್ಚಲಲ್ಲಿ ಇದು ಪ್ರಾಣಕ್ಕೇ ಬರುತ್ತದೆ. ಒಂದು ದಿನ ಒಂದನ್ನೇ ಬಳಸಿ.

ಹಿಂದೂಪುರದ ಗೂಡಿನ ಮಾರುಕಟ್ಟೆಗೆ ಬರುವ ರೇಷ್ಮೆಗೂಡಿನ ಹಿಂದೆಯೂ ಒಂದು ಹಳದಿ ಅನಿಲವಿದೆ. ಅದು ಕ್ಲೋರಿನ್ ಡೈಆಕ್ಸೈಡ್. ಒಂದು ಬೆಳೆ ಮುಗಿದು ಇನ್ನೊಂದಕ್ಕೆ ಚಾಕಿ, ಅಂದರೆ ಎಳೆಯ ಹುಳು, ತರುವ ಮುನ್ನ ಹುಳುಮನೆ, ತಟ್ಟೆ, ಗೂಡು ಕಟ್ಟಿಸುವ ಚಂದ್ರಿಕೆ ಎಲ್ಲವನ್ನೂ ತೊಳೆದು ರೋಗಾಣು ತೆಗೆಯಬೇಕು. ಹಿಂದೆ ಇದಕ್ಕೆ ಫಾರ್ಮಲಿನ್ ಹೆಚ್ಚು ಬಳಸುತ್ತಿದ್ದರು. ಅದರಿಂದ ಹೊರಡುವ ಫಾರ್ಮಾಲ್ಡಿಹೈಡ್ ಬಣ್ಣವಿಲ್ಲದ ಅನಿಲ, ಕಣ್ಣು ಮೂಗನ್ನು ಉರಿಸುತ್ತದೆ, ಕ್ಯಾನ್ಸರ್ ತರಬಲ್ಲದು. ಈಗ ಸ್ಯಾನಿಟೆಕ್ ಎಂಬ ಹೆಸರಿನಲ್ಲಿ ಬರುವ ಕ್ಲೋರಿನ್ ಡೈಆಕ್ಸೈಡ್ ದ್ರಾವಣವನ್ನು ಅರಳಿದ ಸುಣ್ಣದ ನೀರಿನ ಜೊತೆ ಸಿಂಪಡಿಸುತ್ತಾರೆ. ಡಬ್ಬಿಯ ಜೊತೆ ಕೊಡುವ ಹರಳು ಹಾಕಿ ಕಲಕಿದಾಗ ನೀರಿನಂತಿದ್ದ ದ್ರಾವಣ ಹಳದಿಗೆ ತಿರುಗಬೇಕು. ಆ ಹಳದಿ ಬಂದರೆ ಅನಿಲ ಬಿಡುಗಡೆಯಾಗಿದೆ ಎಂದರ್ಥ. ಬಾರದೆ ಇದ್ದರೆ ಸಿಂಪಡಿಸಿ ಫಲವಿಲ್ಲ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಅನಿಲ ತಡೆಯುವ ಮುಖಗವಸೇ ಬೇಕು.

ಅಕ್ಕಸಾಲಿಗರ ಬೀದಿಯಲ್ಲಿ ಹಳೆಯ ಚಿನ್ನ ಶುದ್ಧಿ ಮಾಡುವಾಗ ತೇಜಾಬಿನ ಪಾತ್ರೆಯಿಂದ ಕಂದುಗೆಂಪು ಹೊಗೆ ಏಳುವುದನ್ನು ಕಂಡಿದ್ದೀರಾ? ಚಿನ್ನದಲ್ಲಿ ಬೆರೆತ ಬೆಳ್ಳಿ, ತಾಮ್ರವನ್ನು ನೈಟ್ರಿಕ್ ಆಮ್ಲ ಕರಗಿಸುವಾಗ ಹೊರಡುವ ನೈಟ್ರೋಜನ್ ಡೈಆಕ್ಸೈಡ್ ಅದು. ಇದರ ಒಂದು ಮೋಸವನ್ನು ಆ ಕೆಲಸ ಮಾಡುವ ಪ್ರತಿಯೊಬ್ಬರೂ ತಿಳಿದಿರಬೇಕು. ಹೊಗೆ ಒಳಗೆ ಹೋದ ಹೊತ್ತಿನಲ್ಲಿ ಸ್ವಲ್ಪ ಕೆಮ್ಮು, ಅಷ್ಟೇ. ಆಮೇಲೆ ಆರಾಮ ಅನಿಸುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದು ಹಲವು ಗಂಟೆಗಳ ನಂತರ, ಎಷ್ಟೋ ಸಲ ಮಲಗಿದ ಮೇಲೆ. ಕಂದು ಹೊಗೆ ಎದೆಗೆ ಹೋದರೆ ಆರಾಮಾಗಿದೆ ಎಂದು ಮನೆಗೆ ಹೋಗದೆ ಅಂದೇ ವೈದ್ಯರ ಬಳಿ ಹೋಗಬೇಕು.

ಈ ಕಂದು ಅನಿಲವನ್ನು ಗಾಜಿನ ಬುರುಡೆಯಲ್ಲಿ ಮುಚ್ಚಿ ಮಂಜುಗಡ್ಡೆಯ ನೀರಿನಲ್ಲಿಟ್ಟರೆ ಬಣ್ಣ ತೆಳುವಾಗುತ್ತದೆ, ಬಿಸಿನೀರಿಗೆ ಇಟ್ಟರೆ ಮತ್ತೆ ಗಾಢವಾಗುತ್ತದೆ. ತಣ್ಣಗಾದಾಗ ಅಣುಗಳು ಎರಡೆರಡಾಗಿ ಕೂಡಿಕೊಳ್ಳುತ್ತವೆ, ಕೂಡಿದ ಜೋಡಿಗೆ ಬಣ್ಣವಿಲ್ಲ.

ಸಾರಜನಕ ಸುಮ್ಮನೆ ಕೂತ ಅನಿಲ. ಅದರ ಎರಡು ಪರಮಾಣುಗಳನ್ನು ಬಿಡಿಸಿ ಯೂರಿಯಾ ಮಾಡಬೇಕಾದರೆ ಕಾರ್ಖಾನೆಯಲ್ಲಿ ಮೊದಲು ಅಮೋನಿಯಾ ಮಾಡಬೇಕು. ಅದಕ್ಕೆ 400ರಿಂದ 500 ಡಿಗ್ರಿ ಶಾಖ, ವಾತಾವರಣದ ಇನ್ನೂರು ಪಟ್ಟಿನಷ್ಟು ಒತ್ತಡ ಬೇಕು. ಕಲ್ಯಾಣದುರ್ಗದ ಕಡಲೆಕಾಯಿ ಹೊಲದಲ್ಲಿ ಅದೇ ಕೆಲಸ ಸದ್ದಿಲ್ಲದೆ, ಶಾಖವಿಲ್ಲದೆ ನಡೆಯುತ್ತದೆ. ಬಿತ್ತಿ ಒಂದು ತಿಂಗಳು ಕಳೆದ ಮೇಲೆ ಒಂದು ಗಿಡವನ್ನು ಮಣ್ಣು ಸಡಿಲಿಸಿ ಮೆಲ್ಲಗೆ ಕೀಳಿ. ಪಕ್ಕದ ಬೇರು ಒಡೆಯುವ ಸಂದಿಗಳಲ್ಲಿ ರಾಗಿಕಾಳಿನಷ್ಟು, ಸಾಸಿವೆಯಷ್ಟು ದುಂಡನೆಯ ಗಂಟುಗಳಿರುತ್ತವೆ. ಒಂದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಮಾಂಸದಂಥ ನಸುಗೆಂಪು ಇದ್ದರೆ ಗಂಟು ಕೆಲಸ ಮಾಡುತ್ತಿದೆ. ಬೆಳ್ಳಗಿದ್ದರೆ ಇನ್ನೂ ಶುರುವಾಗಿಲ್ಲ, ಹಸಿರು ಅಥವಾ ಕಪ್ಪಾಗಿದ್ದರೆ ಅದರ ಕಾಲ ಮುಗಿದಿದೆ.

ಆ ಕೆಂಪು ಏನು? ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ದಾಯಾದಿ, ಲೆಗ್‌ಹಿಮೋಗ್ಲೋಬಿನ್. ಗಂಟಿನೊಳಗಿನ ಬ್ಯಾಕ್ಟೀರಿಯಾ ಸಾರಜನಕ ಹಿಡಿಯಲು ಬಳಸುವ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಕೆಡುತ್ತದೆ. ಆದರೆ ಬ್ಯಾಕ್ಟೀರಿಯಾ ಉಸಿರಾಡಲು ಆಮ್ಲಜನಕ ಬೇಕೇ ಬೇಕು. ಅದನ್ನು ಹಿಡಿದಿಟ್ಟು ಅಳತೆ ಮಾಡಿ ಬಡಿಸುವುದು ಈ ಕೆಂಪು ಪ್ರೋಟೀನು. ಬಣ್ಣವಿಲ್ಲದ ಎರಡು ಅನಿಲಗಳ ಲೇವಾದೇವಿ ಕೆಂಪಾಗಿ ಕಾಣುವುದು ಇಲ್ಲಿ. ಬೀಜಕ್ಕೆ ರೈಜೋಬಿಯಂ ಲೇಪಿಸಿ ಬಿತ್ತಿ ಎಂದು ಕೃಷಿ ಅಧಿಕಾರಿಗಳು ಹೇಳುವುದು ಈ ಗಂಟಿಗಾಗಿಯೇ. ಯೂರಿಯಾ ಹೆಚ್ಚು ಸುರಿದರೆ ಗಂಟು ಕಟ್ಟುವುದೇ ಕಡಿಮೆಯಾಗುತ್ತದೆ.

ಸಿಡಿಲು ಕೂಡ ಸಾರಜನಕವನ್ನು ಒಡೆಯುತ್ತದೆ. ಅದರ ಶಾಖದಲ್ಲಿ ಸಾರಜನಕ, ಆಮ್ಲಜನಕ ಕೂಡಿ, ಕೊನೆಗೆ ನೈಟ್ರೇಟ್ ಆಗಿ ಮಳೆಯ ಜೊತೆ ಹೊಲಕ್ಕೆ ಇಳಿಯುತ್ತದೆ.

ಡಿಎಪಿ ಗೊಬ್ಬರ ಅಸಲಿಯೋ ನಕಲಿಯೋ? ನಾಲ್ಕು ಕಾಳನ್ನು ಅಂಗೈಯಲ್ಲಿಟ್ಟು, ಹೊಗೆಸೊಪ್ಪು ತಿಕ್ಕುವ ಹಾಗೆ ಸುಣ್ಣ ಸೇರಿಸಿ ತಿಕ್ಕಿ. ತಲೆಗೆ ಏರುವಂಥ ಘಾಟು ಬಂದರೆ ಅದರಲ್ಲಿ ಅಮೋನಿಯಂ ಇದೆ. ಆ ಘಾಟು ಅಮೋನಿಯಾ ಅನಿಲದ್ದು. ಈಗ ಅರಿಸಿನದ ನೀರಿನಲ್ಲಿ ಅದ್ದಿದ ಒದ್ದೆ ಕಾಗದವನ್ನು, ಸುಣ್ಣಕ್ಕೆ ತಾಗದಂತೆ, ಅಂಗೈ ಮೇಲೆ ಹಿಡಿಯಿರಿ. ಹಳದಿ ಕೆಂಪಾಗುತ್ತದೆ. ಕಾಣದ ಅನಿಲವನ್ನು ಅಡಿಗೆಮನೆಯ ಸಾಮಾನಿನಿಂದಲೇ ಹಿಡಿದ ಹಾಗಾಯಿತು. ಆಮೇಲೆ ಕೈ ಚೆನ್ನಾಗಿ ತೊಳೆಯಬೇಕು.

ಹಿಂದೂಪುರದ ಪಕ್ಕದ ಲೇಪಾಕ್ಷಿಯ ಗೋಡೆಗಳು ಐದು ಶತಮಾನದ ಹಿಂದಿನ ಗಾಳಿಯನ್ನು ಹಿಡಿದಿಟ್ಟಿವೆ. ಅಚ್ಯುತದೇವರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಸಹೋದರರು ಕಟ್ಟಿಸಿದ ವೀರಭದ್ರ ಗುಡಿಯ ಚಾವಣಿ ಚಿತ್ರಗಳು ಸುಣ್ಣದ ಗಾರೆಯ ಮೇಲಿವೆ. ಅರಳಿದ ಸುಣ್ಣ ಗಟ್ಟಿಯಾಗುವುದು ಬರೀ ಒಣಗಿ ಅಲ್ಲ, ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣಕಲ್ಲಾಗಿ. 16ನೇ ಶತಮಾನದಲ್ಲಿ ಆ ಊರಿನ ಗಾಳಿಯಲ್ಲಿದ್ದ ಇಂಗಾಲ ಇಂದಿಗೂ ಆ ಗಾರೆಯೊಳಗಿದೆ. ಅಲ್ಲಿಗೆ ಹೋದವರು ತೂಗುವ ಕಂಬದ ಕೆಳಗೆ ಬಟ್ಟೆ ಎಳೆದು ಬರುವುದರ ಜೊತೆಗೆ, ಗುಡಿಯ ಕನ್ನಡ ಶಾಸನಗಳನ್ನೂ ಚಾವಣಿಯನ್ನೂ ನಿಂತು ನೋಡಿ ಬರಲಿ.

ಅದೇ ಇಂಗಾಲದ ಡೈಆಕ್ಸೈಡ್ ಬಾವಿಯಲ್ಲಿ ಕೊಲ್ಲುತ್ತದೆ. ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬಣ್ಣವಿಲ್ಲ, ವಾಸನೆಯಿಲ್ಲ. ಬಹುಕಾಲ ಬಳಸದ ಬಾವಿಯಲ್ಲಿ ಎಲೆ, ಕಸ, ಹೂಳು ಕೊಳೆತು ಆಮ್ಲಜನಕ ಖರ್ಚಾಗಿ, ಅದರ ಜಾಗದಲ್ಲಿ ಈ ಅನಿಲ ಕೂತಿರುತ್ತದೆ. ದೀಪ ಇಳಿಬಿಟ್ಟು ನೋಡುವುದು ನಮ್ಮ ಹಿರಿಯರ ಪರೀಕ್ಷೆ. ದೀಪ ಆರಿದರೆ ಇಳಿಯಲೇಬಾರದು, ಅಷ್ಟರಮಟ್ಟಿಗೆ ಅದು ನಿಜ. ದೀಪ ಉರಿದರೆ ಇಳಿಯಬಹುದು ಅನ್ನುವುದು ಮಾತ್ರ ತಪ್ಪು. ಕೊಳೆತ ಹೂಳಿನಿಂದ ಏಳುವ ಹೈಡ್ರೋಜನ್ ಸಲ್ಫೈಡನ್ನಾಗಲಿ, ಬಾವಿಯೊಳಗೆ ಇಳಿಸಿದ ಆಯಿಲ್ ಇಂಜಿನ್ ಉಗುಳುವ ಕಾರ್ಬನ್ ಮೊನಾಕ್ಸೈಡನ್ನಾಗಲಿ ದೀಪ ತೋರಿಸುವುದಿಲ್ಲ. ಮೀಥೇನ್ ತುಂಬಿದ್ದರಂತೂ ದೀಪವೇ ಬೆಂಕಿ ಹೊತ್ತಿಸುತ್ತದೆ.

ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ, ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಅದರ ಅತಿ ಕೆಟ್ಟ ಗುಣವೆಂದರೆ, ಪ್ರಮಾಣ ಹತ್ತು ಲಕ್ಷಕ್ಕೆ ನೂರರಷ್ಟು ಭಾಗಕ್ಕೆ ಏರಿದಾಗ ವಾಸನೆ ಹಿಡಿಯುವ ಶಕ್ತಿಯನ್ನೇ ಕೊಂದುಬಿಡುತ್ತದೆ. ವಾಸನೆ ಹೋಯಿತು, ಗಾಳಿ ತಿಳಿಯಾಯಿತು ಎಂದು ಮುಂದಕ್ಕೆ ಹೋದವನು ಬೀಳುತ್ತಾನೆ. ಮಲದ ಗುಂಡಿಯಲ್ಲಿ, ಒಳಚರಂಡಿಯಲ್ಲಿ ಆಗುವುದೂ ಇದೇ. ರಕ್ಷಣೆಯಿಲ್ಲದೆ ಮನುಷ್ಯರನ್ನು ಅಲ್ಲಿಗೆ ಇಳಿಸುವುದನ್ನು 2013ರ ಕಾನೂನು ಅಪರಾಧವೆಂದು ಹೇಳಿದೆ. ಕಾನೂನು ಇಲ್ಲದಿದ್ದರೂ ಅದು ಮಾಡಬಾರದ ಕೆಲಸ.

ಬಾವಿಯ ದುರಂತಗಳಲ್ಲಿ ಮತ್ತೆ ಮತ್ತೆ ಕಾಣುವುದು ಒಂದೇ ರೀತಿ. ಒಬ್ಬ ಬೀಳುತ್ತಾನೆ, ಎತ್ತಲು ಅಣ್ಣ ಇಳಿಯುತ್ತಾನೆ, ಅವನ ಹಿಂದೆ ಅಪ್ಪ ಇಳಿಯುತ್ತಾನೆ. ಎರಡನೆಯ ಸಾವು, ಮೂರನೆಯ ಸಾವು ಅನಿಲ ಗೊತ್ತಿಲ್ಲದ್ದರಿಂದ ಆದದ್ದು. ಸೊಪ್ಪಿನ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಬಲವಾಗಿ ಆಡಿಸುವುದು, ಮೇಲಿಂದ ನೀರು ರಭಸವಾಗಿ ಸುರಿಯುವುದು, ಬ್ಲೋವರ್ ಇದ್ದರೆ ಗಾಳಿ ಊದುವುದು, ಇವೆಲ್ಲ ಒಳಗಿನ ಗಾಳಿಯನ್ನು ಕಲಕುತ್ತವೆ. ಇಳಿಯುವವನ ಸೊಂಟಕ್ಕೆ ಹಗ್ಗ, ಹಗ್ಗ ಹಿಡಿದು ಮೇಲೆ ಇಬ್ಬರು ಇರಲೇಬೇಕು. ಬಿದ್ದವನನ್ನು ಹಗ್ಗದಿಂದಲೇ ಎಳೆಯಬೇಕು. ಹಗ್ಗ ಇಲ್ಲದಿದ್ದರೆ 101ಕ್ಕೋ 112ಕ್ಕೋ ಕರೆ ಮಾಡಿ, ಗಾಳಿ ಕಲಕುತ್ತಲೇ ಇರಿ, ಇಳಿಯಬೇಡಿ. ಈ ಪುಟದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ.

ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಅಂಟುತ್ತದೆ. ಅನಿಲಕ್ಕೆ ಬಣ್ಣವಿಲ್ಲ, ಅದು ಹೊಕ್ಕ ರಕ್ತ ಮಾತ್ರ ಕಡುಗೆಂಪು. ಧನುರ್ಮಾಸದ ಚಳಿಯಲ್ಲಿ ಹುಳುಮನೆ ಬೆಚ್ಚಗಿಡಲು ಇದ್ದಿಲ ಕೆಂಡ ಇಡುವ ರೂಢಿಯಿದೆ. ಕೆಂಡವಿಟ್ಟ ಮನೆಯ ಕಿಟಕಿ ಪೂರ್ತಿ ಮುಚ್ಚಬಾರದು, ಅಲ್ಲಿ ಮಲಗಬಾರದು. ತಲೆನೋವು, ವಾಕರಿಕೆ, ತೂಕಡಿಕೆ ಬಂದರೆ ಮೊದಲು ಹೊರಗೆ ಬನ್ನಿ.

ಅಡಿಗೆ ಗ್ಯಾಸಿಗೆ ಸ್ವಂತ ವಾಸನೆ ಇಲ್ಲವೆಂದರೆ ನಂಬುತ್ತೀರಾ? ಪ್ರೊಪೇನ್, ಬ್ಯೂಟೇನ್ ಎರಡಕ್ಕೂ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಸೋರಿದ್ದು ತಿಳಿಯಲೆಂದೇ ಈಥೈಲ್ ಮರ್‌ಕ್ಯಾಪ್ಟನ್ ಎಂಬ ನಾತದ ವಸ್ತುವನ್ನು ತುಸು ಬೆರೆಸುತ್ತಾರೆ. ಈ ಅನಿಲವೂ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ. ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು, ಹೊರಗೆ ಹೋಗಿ 1906ಕ್ಕೆ ಕರೆ ಮಾಡಿ.

ಸಿಲಿಂಡರಿನ ಹಿಡಿಕೆಯ ಪಟ್ಟಿಯ ಒಳಮೈಯಲ್ಲಿ ಒಂದು ಅಕ್ಷರ, ಎರಡು ಅಂಕಿ ಇರುತ್ತವೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲಿನಿಂದ ಜೂನ್, ಸಿ ಜುಲೈನಿಂದ ಸೆಪ್ಟೆಂಬರ್, ಡಿ ಅಕ್ಟೋಬರಿನಿಂದ ಡಿಸೆಂಬರ್. ಬಿ-28 ಎಂದಿದ್ದರೆ 2028ರ ಜೂನ್ ಒಳಗೆ ಆ ಸಿಲಿಂಡರ್ ಮತ್ತೆ ಪರೀಕ್ಷೆಗೆ ಹೋಗಬೇಕು. ತಂದುಕೊಟ್ಟವರ ಎದುರಲ್ಲೇ ನೋಡಿ ಇಳಿಸಿಕೊಳ್ಳಿ.

ಅಂದಹಾಗೆ ಸಿಲಿಂಡರಿನ ಬಣ್ಣ ಅನಿಲದ ಬಣ್ಣವಲ್ಲ. ಮನೆಗೆ ಬರುವುದು ಕೆಂಪು, ಹೋಟೆಲಿನ 19 ಕಿಲೋ ಸಿಲಿಂಡರ್ ನೀಲಿ, ಒಳಗಿರುವುದು ಎರಡರಲ್ಲೂ ಬಣ್ಣವಿಲ್ಲದ್ದು. ವೆಲ್ಡಿಂಗ್ ಅಂಗಡಿಯ ಕಪ್ಪು ಸಿಲಿಂಡರ್ ಆಮ್ಲಜನಕದ್ದು, ಕಂದುಗೆಂಪಿನದು ಅಸಿಟಿಲೀನಿನದು. ಅಸಿಟಿಲೀನನ್ನು ಹಾಗೇ ಒತ್ತಿ ತುಂಬಿದರೆ ಸಿಡಿಯುತ್ತದೆ. ಆದ್ದರಿಂದ ಸಿಲಿಂಡರಿನೊಳಗೆ ಸೂಕ್ಷ್ಮ ರಂಧ್ರಗಳ ವಸ್ತು ತುಂಬಿ, ಅದಕ್ಕೆ ಅಸಿಟೋನ್ ಹೀರಿಸಿ, ಅದರಲ್ಲಿ ಅನಿಲವನ್ನು ಕರಗಿಸಿಡುತ್ತಾರೆ. ಮಲಗಿಸಿ ಬಳಸಬಾರದು ಅನ್ನುವುದು ಈ ಕಾರಣಕ್ಕೆ.

ಮಾವಿನಕಾಯಿ ನಡುವೆ ಕಾರ್ಬೈಡ್ ಪೊಟ್ಟಣ ಇಟ್ಟಾಗ ಬರುವುದೂ ಅಸಿಟಿಲೀನೇ. ಬೆಳ್ಳುಳ್ಳಿಯಂಥ ವಾಸನೆ ಮಾತ್ರ ಅದರದಲ್ಲ, ಕಾರ್ಬೈಡಿನ ಕಲ್ಮಷದಿಂದ ಹುಟ್ಟುವ ಫಾಸ್ಫೀನ್ ಎಂಬ ವಿಷದ್ದು. ಕಾರ್ಬೈಡಿನಲ್ಲಿ ಹಣ್ಣು ಮಾಡುವುದಕ್ಕೆ ನಿಷೇಧವಿದೆ. ಎಥಿಲೀನ್ ಅನಿಲಕ್ಕೆ ಹತ್ತು ಲಕ್ಷಕ್ಕೆ ನೂರು ಭಾಗದವರೆಗೆ ಅನುಮತಿ ಇದೆ, ಏಕೆಂದರೆ ಹಣ್ಣು ತಾನೇ ಬಿಡುವ ಅನಿಲ ಅದು. ಕಾಯಿ ಜೊತೆ ಒಂದು ಬಾಳೆಹಣ್ಣು ಇಟ್ಟು ಮುಚ್ಚಿದರೆ ಸಾಕು.

ಗಾಳಿಯಂತ್ರಗಳ ಕರೆಂಟು ಸೇರುವ ಸಬ್‌ಸ್ಟೇಷನ್ನುಗಳ ಬ್ರೇಕರುಗಳಲ್ಲಿ ಸಲ್ಫರ್ ಹೆಕ್ಸಾಫ್ಲೋರೈಡ್ ಬಳಕೆಯಲ್ಲಿದೆ. ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಗಿಂತ ಐದು ಪಟ್ಟು ಭಾರ, ವಿದ್ಯುತ್ ಕಿಡಿಯನ್ನು ನಂದಿಸುವುದರಲ್ಲಿ ಗಟ್ಟಿ. ಸೋರಿದರೆ ಒಂದು ಕಿಲೋ ನೂರು ವರ್ಷದ ಲೆಕ್ಕದಲ್ಲಿ 23 ಸಾವಿರ ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಕಾಯಿಸುತ್ತದೆ. ಹಸಿರು ವಿದ್ಯುತ್ತಿನ ದಾರಿಯಲ್ಲಿ ಇನ್ನೂ ಸರಿಪಡಿಸಬೇಕಾದ ಕೆಲಸವಿದು.

ಜಾತ್ರೆಯ ಹಾರುವ ಬಲೂನಿನಲ್ಲಿ ಹೀಲಿಯಂ ಇದ್ದರೆ ಭಯವಿಲ್ಲ. ಜಲಜನಕ ತುಂಬಿದ್ದರೆ ದೀಪ, ಬೀಡಿಯ ಹತ್ತಿರ ಸುಳಿಯಬಾರದು. ಎರಡಕ್ಕೂ ಬಣ್ಣವಿಲ್ಲ, ಎರಡೂ ಹಾರುತ್ತವೆ. ನೋಡಿ ಬೇರೆ ಮಾಡಲಾಗದು.

ಆ ಹೀಲಿಯಂನ ಕತೆ ಶುರುವಾದದ್ದು ಆಂಧ್ರದ ನೆಲದಲ್ಲಿ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣ ನೋಡಲು ಫ್ರಾನ್ಸಿನ ಪಿಯರ್ ಜಾನ್ಸೆನ್ ಗುಂಟೂರಿಗೆ ಬಂದಿದ್ದರು. ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ಬಿಡಿಸಿ ನೋಡಿದ ಆ ವರ್ಷದ ವೀಕ್ಷಣೆಗಳಲ್ಲಿ ಭೂಮಿಯ ಯಾವ ಧಾತುವಿಗೂ ಹೊಂದದ ಒಂದು ಹಳದಿ ಗೆರೆ ಸಿಕ್ಕಿತು. ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ಅದನ್ನು ಹೊಸ ಧಾತುವೆಂದರು. ಭೂಮಿಯ ಮೇಲೆ ಅದು ಕೈಗೆ ಸಿಕ್ಕಿದ್ದು 1895ರಲ್ಲಿ, ವಿಲಿಯಂ ರಾಮ್ಸೆಗೆ.

ಇಲ್ಲಿಂದ ಕತೆ ಬೆಂಗಳೂರಿಗೆ ತಿರುಗುತ್ತದೆ. ಟಾಟಾ ಅವರ ವಿಜ್ಞಾನ ಸಂಸ್ಥೆ ಎಲ್ಲಿರಬೇಕೆಂದು ನೋಡಲು 1900ರಲ್ಲಿ ಭಾರತ ಸುತ್ತಿದ ಅದೇ ರಾಮ್ಸೆ ಬೆಂಗಳೂರನ್ನು ಸೂಚಿಸಿದರು. 1909ರಲ್ಲಿ ಹುಟ್ಟಿದ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕ ಮೋರಿಸ್ ಟ್ರಾವರ್ಸ್, 1898ರಲ್ಲಿ ರಾಮ್ಸೆ ಜೊತೆ ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಮೂರನ್ನೂ ಕಂಡುಹಿಡಿದವರು. ನಿಯಾನ್ ಕೊಳವೆಗೆ ಮೊದಲ ಸಲ ವಿದ್ಯುತ್ ಹರಿಸಿದಾಗ ಹೊತ್ತಿದ ಕಡುಗೆಂಪನ್ನು ಕಂಡ ಕಣ್ಣುಗಳು, ಮುಂದೆ ಬೆಂಗಳೂರಿನಲ್ಲಿ ಆ ಸಂಸ್ಥೆ ಏಳುವುದನ್ನೂ ಕಂಡವು.

ಶುದ್ಧ ನಿಯಾನ್ ಬೆಳಗುವುದು ಕಿತ್ತಳೆಗೆಂಪಿನಲ್ಲಿ ಮಾತ್ರ. ಆರ್ಗಾನ್ ನೇರಳೆಯಾಗಿ, ಕ್ಸೆನಾನ್ ನೀಲಿ ಬೆರೆತ ಬಿಳುಪಾಗಿ ಬೆಳಗುತ್ತವೆ. ಹಳೆಯ ಅಂಗಡಿ ಫಲಕಗಳಲ್ಲಿ ನೀಲಿಯಾಗಿ, ಹಸಿರಾಗಿ ಹೊಳೆಯುವ ಕೊಳವೆಗಳನ್ನೂ ಜನ ನಿಯಾನ್ ಎಂದೇ ಕರೆಯುತ್ತಾರೆ, ಆದರೆ ಅವುಗಳೊಳಗಿರುವುದು ಹೆಚ್ಚಾಗಿ ಆರ್ಗಾನ್ ಮತ್ತು ಪಾದರಸದ ಆವಿ.